ಮೂಡಣಕ್ಕೆ ಕಡಲು

ಮುಹರ್ರಕ್‌ನ ವಕೀಲರ ಕಚೇರಿಯಲ್ಲಿ
ಟೈಪಿಸುವವನು ನಾನು, ಲಿಗೋರಿ.
ಉಮ್ ಘಾನಿಮ್ ಪ್ಲಾಸ್ಟಿಕ್ ಚೀಲದಿಂದ
ಅಜ್ಜನ ಪತ್ರ ತೆಗೆದಳು; ಮಡಿಕೆಯಲ್ಲೇ ಹರಿದಿದೆ.

ಚಕ್ಕುಬಂದಿ:
ಪಡುವಣಕ್ಕೆ ಓಣಿ, ಬಡಗಣಕ್ಕೆ ಮಸೀದಿಯ ಗೋಡೆ,
ತೆಂಕಣಕ್ಕೆ ಖರ್ಜೂರದ ಮರ ಎರಡು,
ಮೂಡಣಕ್ಕೆ ಕಡಲು.

ಕಡಲೆಲ್ಲಿ?
ಮಣ್ಣು ತುಂಬಿ ರಸ್ತೆ, ಕಾರಿನ ಶೋರೂಮು.
ಅವರ ಹೊಸ ಕಾಂಪೌಂಡು
ಇವಳಂಗಳದಲ್ಲಿ ಒಂದು ಮೊಳ ಒಳಗೆ.

‘ಸಾಕ್ಷಿ ಯಾರಮ್ಮ?’
ಮುದುಕಿ ತನ್ನ ಹಳೇ ಗೋಡೆಯ ಬುಡದ
ಗಾರೆಯ ಚೂರೊಂದನ್ನು ಮೇಜಿನ ಮೇಲಿಟ್ಟಳು.
‘ನೆಕ್ಕಿ ನೋಡಿ.’

ವಕೀಲರು ನಕ್ಕರು. ಸರ್ವೆಗೆ ಅರ್ಜಿ ಹಾಕೋಣ ಅಂದರು,
ಫೀಸು ಹೇಳಿದರು, ಫೋನು ಹಿಡಿದು ಹೊರಗೆ ಹೋದರು.

ನಾನು ನೆಕ್ಕಿದೆ.
ಉಪ್ಪು.

ಅದನ್ನು ಬರೆಯಲು ಅರ್ಜಿಯಲ್ಲಿ ಕಾಲಮ್ಮಿಲ್ಲ.
ಮೂಡಣದೆದುರು ಮತ್ತೆ
ಕಡಲು ಎಂದೇ ಟೈಪಿಸಿದೆ.