ಕೂದಲೆಳೆ ಕಡಿಮೆ

ಮೊದಲು ಮೂಗಿಗೆ ಹಿಡಿ. ನಗಬೇಡ, ಮುದಸ್ಸಿರ್.
ಹೊಸ ಬೆಳ್ಳಿಗೆ ಹಳೆ ಬಣ್ಣ ಬರಲೆಂದು
ಗಂಧಕದ ನೀರಲ್ಲಿ ಅದ್ದುತ್ತಾರೆ;
ಎಷ್ಟು ತೊಳೆದರೂ ಪಿನ್ನಿನ ಬುಡದಲ್ಲಿ
ಕೊಳೆತ ಮೊಟ್ಟೆಯ ನಾತ ವಾರಗಟ್ಟಲೆ ಉಳಿಯುತ್ತೆ.

ಆಮೇಲೆ ಬೆಳಕು.
ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ಅಸಲಿ.
ಗಾಂಧಿ ಬಜಾರಿನ ಈ ಮೆಟ್ಟಿಲಿಗೆ
ಹತ್ತು ಗಂಟೆಯ ಓರೆ ಬಿಸಿಲು ಬೀಳುವತನಕ
ವಿಠೋಬ ಶೇಟರು ಕೊಟ್ಟ ಚಾ ಕುಡಿ.
ದುಡ್ಡಿನ ಮಾತೆತ್ತಬೇಡ.

ಗಂಡಭೇರುಂಡದ ರೆಕ್ಕೆ ನೋಡು.
ಒತ್ತಚ್ಚಿನದಾದರೆ ಗರಿ ಗರಿಯೂ ಬೇರೆ,
ಉಗುರಾಡಿಸಿದರೆ ತಡೆಯುತ್ತೆ.
ಎರಕದ್ದಾದರೆ ನೆನೆದ ಕೋಳಿ.
ಅಂಚಿನಲ್ಲಿ ಅರದ ಗೀರು, ಬೆನ್ನ ತುಂಬ ಸಿಡುಬಿನ ಕಲೆ.

ಸಿಪಾಯಿ ದಿನಾ ಬೂದಿ ಹಚ್ಚಿ ತಿಕ್ಕಿದ್ದು
ಕೊಕ್ಕು, ಎದೆ, ಉಬ್ಬಿದ ಜಾಗ.
ತಗ್ಗಿಗೆ ಅವನ ಬೆರಳು ಹೋಗಲ್ಲ,
ಅಲ್ಲಿ ಕಪ್ಪು ಕೂತಿರಬೇಕು, ಒಲೆಯ ಹಿಂದಿನ ಗೋಡೆಯ ಹಾಗೆ.
ತಗ್ಗೂ ಸವೆದಿದ್ದರೆ ಅದು ವಯಸ್ಸಲ್ಲ,
ನಿಮ್ಮ ಗ್ಯಾರೇಜಿನ ಬ್ಯಾಟರಿ ಆಸಿಡ್ಡು.

ಮುದ್ರೆಯನ್ನಂತೂ ನಂಬಲೇಬೇಡ.
ಬರ್ಮಿಂಗ್‌ಹ್ಯಾಮಿನ ಲಂಗರು ಕೊರೆದು ಕೊಡುವವರು
ಇದೇ ಬೀದಿಯಲ್ಲಿದ್ದಾರೆ, ಹೆಸರು ಬೇಡ.
ಲಂಗರು ಹಾಕಿದ ಮಾತ್ರಕ್ಕೆ ಹಡಗು ಬಂದಿತ್ತು ಅಂತಲ್ಲ.

ಕೊನೆಗೆ ಅಳತೆ. ಇದು ಭದ್ರಾವತಿ ಕಲಿಸಿದ್ದು.
ಮೂವತ್ತಾರು ವರ್ಷ ಕಾರ್ಖಾನೆಯಲ್ಲಿ
ಅಚ್ಚಿನ ಮರಳು ತುಳಿದವ ನಾನು.
ಕಾದದ್ದು ತಣಿದಾಗ ಕುಗ್ಗುತ್ತೆ ಮಗಾ,
ಕಬ್ಬಿಣವಾಗಲಿ ಬೆಳ್ಳಿಯಾಗಲಿ.
ಅಸಲಿಯನ್ನೇ ಮರಳಿಗೊತ್ತಿ ಎರಕ ಹೊಯ್ದರೂ
ನಕಲು ಯಾವತ್ತೂ ಕೂದಲೆಳೆ ಕಡಿಮೆ,
ನಕಲಿನ ನಕಲು ಎರಡು ಕೂದಲು.
ಜೇಬಲ್ಲಿ ಕ್ಯಾಲಿಪರ್ ಇರಲಿ. ಬಾಯಿ ಮುಚ್ಚಿರಲಿ.

*

ಇಷ್ಟು ಹೇಳಿ ಮುಗಿದಿರಲಿಲ್ಲ,
ಕೋಟೆ ರಸ್ತೆಯ ಸುಭದ್ರಾಬಾಯಿ ಮೋಹಿತೆ
ಮಾತ್ರೆ ಡಬ್ಬಿಯಿಂದ ಹತ್ತಿ ಬಿಡಿಸಿ ಇಟ್ಟರು:
“ಮಾವನವರು ಕುದುರೆ ಪಡೆಯಲ್ಲಿದ್ದರು.
ಅವರ ರುಮಾಲಿನ ಬಿಲ್ಲೆ.
ಹಲ್ಲು ಕಟ್ಟಿಸಬೇಕು ಅಣ್ಣಾ, ಎಷ್ಟು ಬರುತ್ತೆ?”

ನಾತವಿಲ್ಲ. ಬಿಸಿಲಿಗೆ ಹಿಡಿದೆ.
ಕೊಕ್ಕು ಸವೆದಿದೆ, ಎದೆ ಸವೆದಿದೆ,
ತಗ್ಗಿನ ಕಪ್ಪು ತಾನಾಗಿ ಕೂತದ್ದು.
ಮುದಸ್ಸಿರನ ಮುಖ ಆಗಲೇ ಅರಳಿತ್ತು.
ನಾನು ಎಡ ತಲೆಯನ್ನೇ ನೋಡುತ್ತಿದ್ದೆ.
ಅದಕ್ಕೆ ಕಣ್ಣಿರಲಿಲ್ಲ.
ಕಣ್ಣಿರಬೇಕಾದಲ್ಲಿ ಮರಳ ಕಾಳಿನಷ್ಟು ಗುಳಿ.

ಎಪ್ಪತ್ತೆರಡನೇ ಇಸವಿ, ರಾತ್ರಿ ಪಾಳಿ.
ಪ್ಯಾಟರ್ನ್ ಶಾಪಿನ ತುಕಾರಾಮ ಮೋಹಿತೆ
ಕರ್ಚೀಫಿನಲ್ಲಿ ಸುತ್ತಿ ತಂದಿದ್ದ:
ಅಪ್ಪನದು ಮಾರಲೇಬೇಕು, ಅವ್ವನಿಗೆ ತಿಳಿಯಬಾರದು,
ಇಂಥದ್ದೇ ಒಂದು ಹೊಯ್ದು ಕೊಡು.
ಎರಡು ಕಾಲುಂಗುರ, ಒಂದು ಮುರಿದ ಕುಂಕುಮದ ಭರಣಿ ಕರಗಿಸಿದೆ.
ಮರಳು ಇನ್ನೊಮ್ಮೆ ಜರಡಿ ಹಿಡಿಯಲು ಸೋಮಾರಿತನ.
ಒಂದು ಕಾಳು ಉಳಿಯಿತು.
“ಇರಲಿ ಬಿಡು ಸವರಿಯಪ್ಪ,
ಅವ್ವನಿಗೂ ಒಂದು ಕಣ್ಣಿಗೆ ಪೊರೆ ಬಂದಿದೆ” ಅಂದ ತುಕಾರಾಮ,
ನಗುತ್ತಾನೋ ಅಳುತ್ತಾನೋ ಕುಲುಮೆಯ ಬೆಳಕಲ್ಲಿ ತಿಳಿಯಲಿಲ್ಲ.

ಐವತ್ತು ಆಯುಧಪೂಜೆ.
ಮೊದಲು ಆ ಅವ್ವ, ಅವಳು ಹೋದ ಮೇಲೆ ಈಕೆ,
ಹುಣಸೆಹಣ್ಣು ಹಚ್ಚಿ, ಹಳೇ ಸೀರೆಯ ಚೂರಲ್ಲಿ ಒರೆಸಿ.
ಸವೆತ ಮಾತ್ರ ಅಸಲಿ.

ಕ್ಯಾಲಿಪರ್ ಜೇಬಲ್ಲೇ ಇತ್ತು.
ಡಾಕ್ಟರು ಎಷ್ಟು ಹೇಳಿದ್ದಾರೆ ಅಂತ ಕೇಳಿದೆ.
ಒಂಬತ್ತು ಸಾವಿರ.
ಶೇಟರು ತಕ್ಕಡಿಯಿಂದ ಕಣ್ಣೆತ್ತಿ
ನನ್ನನ್ನು ನೋಡಿದರು, ಬಿಲ್ಲೆಯನ್ನಲ್ಲ.
ಎಣಿಸಿ ಕೊಟ್ಟೆ. ಆಕೆ ಮತ್ತೊಮ್ಮೆ ಎಣಿಸಿಕೊಂಡರು,
ಹತ್ತಿಯನ್ನೂ ಇಟ್ಟುಕೊಳ್ಳಿ ಅಂದರು.

ಬಸ್ಸು ತುಂಗೆಯ ಸೇತುವೆ ಹತ್ತಿದಾಗ
ಮುದಸ್ಸಿರ್ ತಡೆಯಲಾರದೆ ಕೇಳಿದ: ಅಸಲಿನಾ?
ಗುಳಿಯ ಮೇಲೆ ಹೆಬ್ಬೆರಳಿಟ್ಟು ಕೂತಿದ್ದೆ.
ಅಳೆದು ನೋಡು ಅಂತ ಕ್ಯಾಲಿಪರ್ ಕೊಟ್ಟೆ,
ಯಾವುದರ ಪಕ್ಕ ಇಟ್ಟು ಅಳೆಯುತ್ತೀಯ,
ಅದನ್ನು ಮೊದಲು ಹೇಳು.