ಕಪ್ಪು ಅಂದರೆ ಕಪ್ಪು

ಹಲ್ ಪಟ್ಟಣದ ಹೆಸ್ಸಲ್ ರಸ್ತೆ, ಅಂಗಡಿಯ ಗೋಡೆ ತುಂಬ
ನಲವತ್ತೆರಡು ಗಿಳಿಗಳು.
ಒಂದೇ ಗಿಳಿ ಅದು. ಒಮ್ಮೆಗೇ ಕತ್ತು ಕೊಂಕಿಸುತ್ತದೆ,
ಒಮ್ಮೆಗೇ ನಮ್ಮನ್ನು ನೋಡುತ್ತದೆ,
ಒಂದೂ ಕೂಗುವುದಿಲ್ಲ.

ಮೋನಪ್ಪ ಜೇಬಿನಿಂದ ನೂಲು ತೆಗೆದ
(ಗಂಡನ ಹೆಸರು ಹಿಡಿಯಲು ಕಲಿತದ್ದು ಈ ಊರಿಗೆ ಬಂದ ಮೇಲೆ).
ಮನೆಯ ಗೋಡೆ ಅಳೆದು ಗಂಟು ಹಾಕಿ ತಂದ ನೂಲು.
ಬಸ್ಸು ಓಡಿಸುವವನು, ಅಂಗುಲ ತಪ್ಪದ ಕಣ್ಣು,
ಆದರೂ ನೂಲು.
ಅಂಗಡಿಯ ಹುಡುಗ, ಎದೆಯ ಮೇಲೆ ಕಾಲಮ್ ಎಂಬ ಹೆಸರು,
ಟೇಪು ಕೊಡಲು ಬಂದವನು ಸುಮ್ಮನಾಗಿ
ನೂಲಿನ ಇನ್ನೊಂದು ತುದಿ ಹಿಡಿದ.

"ಇದರಲ್ಲಿ ಕಪ್ಪು ಅಂದರೆ ಕಪ್ಪು" ಅಂದ.
"ಆ ಅಗ್ಗದ್ದರಲ್ಲಿ ಕಪ್ಪೆಲ್ಲ ಬೂದಿ."
ನೂರೈವತ್ತು ಪೌಂಡು ಜಾಸ್ತಿ, ಬರೀ ಕಪ್ಪಿಗೆ.
ನಾನು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು,
ಬಿಳಿಯ ವಿಷಯ ಕೇಳಿದ್ದರೆ ಹೇಳುತ್ತಿದ್ದೆ:
ದಿಂಬಿನ ಬಿಳಿ, ಡಾಕ್ಟರ ಕೋಟಿನ ಬಿಳಿ,
ನೂರು ಸಲ ಕುದಿದ ಮೇಲೂ ಉಳಿಯುವ ಬಿಳಿ.
ಕಪ್ಪಿಗೆ ದುಡ್ಡು ಕೊಟ್ಟದ್ದು ಅದೇ ಮೊದಲು.
ಕಾವಲಿಯ ತಳದಲ್ಲಿ ಪುಕ್ಕಟೆ ಸಿಗುತ್ತಿತ್ತಲ್ಲ.

ಹಳೆಯ ಟಿವಿಗೆ ಬೆನ್ನಿತ್ತು.
ಬೆನ್ನ ಮೇಲೆ ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಗಡಿಯಾರ,
ಗ್ಯಾಸಿನ ಬಿಲ್ಲು, ಬೀಗದ ಕೈ.
ಇದಕ್ಕೆ ಬೆನ್ನೇ ಇಲ್ಲ.
ಬೀಗದ ಕೈ ಈಗ ಮನೆಯೆಲ್ಲ ಅಲೆಯುತ್ತದೆ.
ರಟ್ಟಿನ ಪೆಟ್ಟಿಗೆ ಮೆಟ್ಟಿಲ ಕೆಳಗೆ,
ಕೆಟ್ಟರೆ ವಾಪಸು ಕೊಡಲು ಬೇಕಂತೆ.
ಹಳೆಯದರ ಪೆಟ್ಟಿಗೆಯೂ ಅಲ್ಲೇ ಇದೆ, ಹಳೆಯದು ಇಲ್ಲ.

ಸಾಲುಮನೆ ನಮ್ಮದು, ಒಂದು ಗೋಡೆಗೆ ಎರಡು ಸಂಸಾರ.
ಡ್ರಿಲ್ಲು ಮೂರನೆಯ ತೂತಿಗೆ ಇಳಿದಾಗ
ಆಚೆ ಬದಿಯಲ್ಲಿ ಧಡ್ ಅಂತು.
ಆಮೇಲೆ ನಮ್ಮ ಬಾಗಿಲು.
ಮೊರೀನ್, ಮನೆಚಪ್ಪಲಿಯಲ್ಲೇ, ಕೈಯಲ್ಲೊಂದು ಚೌಕಟ್ಟು:
ಮೀನು ಹಡಗಿನ ಕೋಟು ತೊಟ್ಟ ಗಂಡಸು. ಗಾಜಿಲ್ಲ.
"ಮೂವತ್ತು ವರ್ಷ ಅಲ್ಲಾಡದೆ ನಿಂತಿದ್ದ" ಅಂದಳು.
ಬೈದಳೋ, ನಕ್ಕಳೋ,
ಈ ಊರ ಮಾತಿನಲ್ಲಿ ನನಗಿನ್ನೂ ತಿಳಿಯದು.

ಮೋನಪ್ಪ ಗಾಜು ಹಾಕಿಸಿ ಕೊಟ್ಟ. ಅವಳು ಬಂದು ಕೂತಳು,
ಮೊದಮೊದಲು ಸ್ನೂಕರ್‌ಗೆ, ಆಮೇಲೆ ಏನಿದ್ದರೆ ಅದಕ್ಕೆ.

ಮೂರು ವಾರ ಅವನು ರಿಮೋಟು ಬಿಡಲಿಲ್ಲ.
ಸುದ್ದಿ ಓದುವವಳು ಒಮ್ಮೆ ಅರಿಶಿನ, ಒಮ್ಮೆ ಬೀಟ್‌ರೂಟು.
ಗಲ್ಲದ ಪೌಡರು ಬಿರಿದದ್ದೂ ಕಾಣುವಷ್ಟು ಹತ್ತಿರ.
ನಮ್ಮ ಸೋಫಾದ ಎಣ್ಣೆಕಲೆ ಅವಳಿಗೂ ಕಂಡೀತೆಂದು
ನಾನು ಶಾಲು ಹೊದಿಸಿದೆ.

ಒಂದು ರಾತ್ರಿ ಸಮುದ್ರ ಬಂತು, ಐಸ್‌ಲ್ಯಾಂಡಿನ ಕಡೆಯದು.
"ದೀಪ ಆರಿಸು" ಅಂದಳು ಮೊರೀನ್.
ಕಪ್ಪು ನೀರು. ಅಲೆಯ ಬೆನ್ನ ಮೇಲೆ ಗೀರಿದಷ್ಟೇ ಬೆಳಕು.
ನೂರೈವತ್ತು ಪೌಂಡಿನ ಕಪ್ಪು ಕೋಣೆ ತುಂಬ ಬಂದು ನಿಂತಿತು.
ಅವಳು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ, ಬಾಗಿ
"ಅಲ್ಲ" ಅಂದಳು.
"ರಾನ್ ಹೇಳುತ್ತಿದ್ದ, ಅಲ್ಲಿ ಚಾಚಿದ ಕೈ ಕಾಣುವುದಿಲ್ಲ,
ಹಗ್ಗ ಹಿಡಿದವನಿಗೆ ಹಗ್ಗವೇ ಕಣ್ಣು.
ಇದು ಪರವಾಗಿಲ್ಲ. ಆದರೆ, ಅಲ್ಲ."
ಬಿಸ್ಕತ್ತು ಚಹಾಕ್ಕೆ ಅದ್ದಿದಳು. ಅರ್ಧ ಮುರಿದು ಒಳಗೆ ಹೋಯಿತು.

ಮೋನಪ್ಪನಿಗೆ ಅದು ಹತ್ತಿಕೊಂಡಿತು.
ಮರುದಿನ ಹೊಳಪು ಇಳಿಸುತ್ತ ಕೂತ:
ಐವತ್ತು, ಮೂವತ್ತು, ಹತ್ತು.
"ಸಾಕು, ಸುದ್ದಿಯವಳು ಮುಳುಗಿದಳು" ಅಂದೆ.

ಬೆಳಗಿನ ಮೊದಲ ಬಸ್ಸು ಅವನದು. ನಾಲ್ಕಕ್ಕೇ ಇಳಿಯುತ್ತಾನೆ.
ಮೆಟ್ಟಿಲ ದೀಪ ಹಾಕಿದರೆ ನನ್ನ ಹಾಸಿಗೆಗೆ ಬೀಳುತ್ತದೆ, ಹಾಕುವುದಿಲ್ಲ.
ಟಿವಿಯ ಕೆಳತುದಿಯಲ್ಲಿ ಸಾಸಿವೆಯಷ್ಟು ಕೆಂಪು,
ಅದರ ನೇರಕ್ಕೆ ಶೂ ಇಟ್ಟಿರುತ್ತಾನೆ.
ಲೇಸು ಬಿಗಿಯುವ ಸದ್ದು ಕೇಳುತ್ತದೆ ನನಗೆ.
ಆಮೇಲೆ, ಬಹಳ ಹೊತ್ತು,
ಬೀಗದ ಕೈ ತಡಕುವ ಸದ್ದು.