ಸಾಕು

ಹ್ಯಾಂಬರ್ಗಿನಲ್ಲಿ ಮೂತಿ ಊದಿಸಿಕೊಂಡವರನ್ನು ಕೇಳುತ್ತಾರೆ:
ಏನು, ಲಿವರಿನ ಮೇಲೆ ಹೇನು ಹರಿಯಿತೇ?
ಮೊದಲ ಸಲ ಬಂದ ದಿನ ಗೆಜೀನ ಫೊಕನ್
ಇದನ್ನೇ ಹೇಳಿ ತಾನೇ ನಕ್ಕಳು.
ಇಪ್ಪತ್ತೆರಡು ವರ್ಷ ಎಲ್ಬ ನದಿಯಲ್ಲಿ ದೋಣಿ ನಡೆಸಿದವಳು,
ಕಣ್ಣಿನ ಬಿಳಿಯಲ್ಲಿ ಅರಿಶಿನ ಕದಡಿತ್ತು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುವ ಗಾದೆ
ಸುಳ್ಳೆಂದು ಅವಳಿಂದ ತಿಳಿಯಿತು ನನಗೆ.
ನದಿ ಬೂದಿ ಬಣ್ಣದ್ದೇ, ಅಂದಳು, ಕ್ರೇನುಗಳು ನೀಲಿಯೇ.
ಹಳದಿ ಕಂಡದ್ದು ಗಂಡನಿಗೆ,
ಬೆಳಗಿನ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ತಲೆಯೆತ್ತಿದಾಗ.

ಹೇನಲ್ಲ. ಹೊರಗಿನಿಂದ ಬಂದದ್ದು ಯಾವುದೂ ಅಲ್ಲ.
ಲಿವರ್ ಅಂದರೆ ಬಂದರು,
ಅನ್ನುತ್ತಾಳೆ ಡಾಕ್ಟರ್ ವೀಬ್ಕ ಹಾರ್ಮ್ಸೆನ್, ಹೊಸ ಹುಡುಗರಿಗೆ.
ತಿಂದದ್ದು, ಕುಡಿದದ್ದು, ತಿಳಿಯದೆ ನುಂಗಿದ್ದು,
ಕರುಳಿನಿಂದ ಹೊರಟು ಮೊದಲು ಇಳಿಯುವುದು ಈ ಕಟ್ಟೆಗೆ.
ಬಂದ ಅಪರಿಚಿತರ ಮೇಲೆಲ್ಲ ಬಂದೂಕು ಹೂಡಿದರೆ
ಒಂದು ತುತ್ತು ಅನ್ನವೂ ಯುದ್ಧವಾದೀತು.
ಅದಕ್ಕೇ ಈ ಅಂಗ ಸೈರಣೆ ಕಲಿತಿದೆ,
ಮೈಯಲ್ಲಿ ಬೇರೆ ಯಾವುದೂ ಕಲಿಯದಷ್ಟು.

ಅಂಥ ಜಾಗದಲ್ಲೇ
ಕಾಯುವವರು ಮನೆಯವರನ್ನೇ ಕಚ್ಚುತ್ತಿದ್ದಾರೆ.

ನನ್ನ ಕೆಲಸ ಬಣ್ಣ ಹಚ್ಚುವುದು.
ಮೈನಸ್ ಎಂಬತ್ತರ ಪೆಟ್ಟಿಗೆಯಿಂದ
ಶಾವಿಗೆ ಎಳೆಯಷ್ಟು ಲಿವರ್ ತೆಗೆದು,
ಪೊರೆಯಾಗಿ ಕೊಯ್ದು, ಗಾಜಿನ ಮೇಲೆ ಹಾಸಿ,
ಕೊಲ್ಲುವ ಕೋಶಗಳಿಗೆ ಹಸಿರು,
ತಡೆಯುವ ಕೋಶಗಳಿಗೆ ಕೆಂಪು.
ಆಮೇಲೆ ಕತ್ತಲ ಕೋಣೆ. ಆಮೇಲೆ ಎಣಿಕೆ.

ಆರು ವರ್ಷ ವೀಬ್ಕ ಬರೆದದ್ದು ಒಂದೇ ಮಾತು:
ತಡೆಯುವವರು ಕಡಿಮೆ, ಅದಕ್ಕೇ ಈ ಜಗಳ.
ಆ ಮಾತಿಗೆ ಎರಡು ಸಲ ಹಣ ಬಂತು,
ಒಂದು ಬಹುಮಾನ ಬಂತು, ಅದರ ಗಾಜಿನ ತುಂಡು
ಈಗಲೂ ಅವಳ ಕಾಗದಗಳು ಹಾರದಂತೆ ಕೂತಿದೆ.

ಮಾರ್ಚಿನ ಒಂದು ಮಂಗಳವಾರ
ಇನ್ನೂರ ಹದಿನೇಳನೆಯ ಗಾಜಿನಲ್ಲಿ, ಗೆಜೀನಳದರಲ್ಲಿ,
ಕೆಂಪೋ ಕೆಂಪು.
ಎಣಿಸಿದೆ. ಮತ್ತೆ ಎಣಿಸಿದೆ.
ಬಣ್ಣ ಹಾಳಾಗಿದೆ, ಅಂದಳು ವೀಬ್ಕ.
ಹೊಸ ಸೀಸೆ ಒಡೆದೆ. ಮತ್ತೂ ಕೆಂಪು.
ಹಳೆಯ ಗಾಜುಗಳನ್ನೂ ತಾ ಅಂದಳು,
ರಾತ್ರಿ ಹನ್ನೊಂದರವರೆಗೆ ತಂದೆ.

ಇದ್ದಾರೆ. ಗಡಿಯಲ್ಲೇ ಇದ್ದಾರೆ,
ಹಸಿರಿನವರ ಭುಜಕ್ಕೆ ಭುಜ ತಾಗಿಸಿ,
ಒಂದು ಹನಿ ಸಂಕೇತಕ್ಕಾಗಿ ಬಾಯಿ ತೆರೆದು.
ಆ ಹನಿ ಬರುತ್ತಿಲ್ಲ.
ಬಂದಷ್ಟನ್ನು ಪಕ್ಕದವರು ಕುಡಿದುಬಿಡುತ್ತಾರೆ.
ಕಡಿಮೆಯಲ್ಲ ಅವರು. ಹಸಿದವರು.

ವೀಬ್ಕ ಏನೂ ಅನ್ನಲಿಲ್ಲ.
'ಇಲ್ಲಿ ತಿನ್ನಬಾರದು' ಎಂಬ ಫಲಕದ ಕೆಳಗೆ ನಿಂತು
ಒಂದು ಸೇಬು ತಿಂದಳು, ಬೀಜದವರೆಗೆ.

ಅವಳ ಭಾಷೆಯಲ್ಲಿ ಹೇಳಲಾಗದ್ದೊಂದು
ಆ ಹೊತ್ತು ನನ್ನ ನಾಲಿಗೆಯ ತುದಿಗೆ ಬಂತು:
ಸಾಕು ಅಂದರೆ ನಿಲ್ಲಿಸು.
ಸಾಕು ಅಂದರೆ ಉಣಿಸಿ ಬೆಳೆಸು ಎಂದೂ.
ಸಾಕು ಅನ್ನುವವರನ್ನು ಯಾರೂ ಸಾಕಲಿಲ್ಲ,
ಅಷ್ಟೇ ಈ ರೋಗ.
ಅರ್ಧ ಜರ್ಮನ್ನಿನಲ್ಲಿ ವಿವರಿಸಹೋದೆ.
ತಲೆಯಾಡಿಸಿದಳು,
ಗಡಿಯಾರ ನೋಡಿ, ಕೊನೆಯ ಬಸ್ಸು ಹೋಯಿತು ಅಂದಳು.

ಈಗ ಹನಿಹನಿಯಾಗಿ ಉಣಿಸುವ ಪ್ರಯೋಗ.
ಹನ್ನೊಂದು ಜನ ಸಹಿ ಹಾಕಿದ್ದಾರೆ, ಗೆಜೀನ ಹನ್ನೆರಡನೆಯವಳು.
ಸ್ಟಿರಾಯ್ಡಿನಿಂದ ಮುಖ ಉಬ್ಬಿದೆ;
ಕನ್ನಡಿಯಲ್ಲಿ ಸತ್ತ ಅಕ್ಕ ಕಾಣುತ್ತಾಳೆ,
ದಿನಾ ಗುಟನ್ ಮೊರ್ಗನ್ ಹೇಳುತ್ತೇನೆ, ಅನ್ನುತ್ತಾಳೆ.
ನನ್ನ ಪೊಲೀಸರು ಕೆಟ್ಟವರೇ? ಅಂತ ಕೇಳಿದಳು.
ಇಲ್ಲ, ಅಂದಳು ವೀಬ್ಕ, ಸಂಬಳ ಸಿಗದವರು.
ದೋಣಿ ಕಂಪನಿಯ ಹಾಗೆಯೇ, ಅಂದಳು ಗೆಜೀನ.

ಫಲ ಗೊತ್ತಾಗಲು ಇನ್ನೊಂದು ಎಳೆ ಬೇಕು,
ಬಲ ಪಕ್ಕೆಯಿಂದ, ಶರತ್ಕಾಲಕ್ಕೆ.
ಸೂಜಿ ಎಷ್ಟುದ್ದ?
ವೀಬ್ಕ ಎರಡು ಬೆರಳು ಅಗಲಿಸಿ ತೋರಿಸಿದಳು.
ನಿಜಕ್ಕೂ ಅದು ಇನ್ನೂ ಉದ್ದ.
ಗೆಜೀನಳಿಗೂ ಗೊತ್ತು, ಹೋದ ಸಲ ನೋಡಿದ್ದಳು.
ಅಂಗಿ ಮೇಲೆತ್ತಿ, ಕಿಟಕಿಯ ಕಡೆ ಹೊರಳಿ,
ಈಗಲೇ ಅಳತೆ ತಗೊಳ್ಳಿ, ಅಂದಳು.